ಸಿಂಬಳದ ಬಣ್ಣವೊಂದನ್ನೇ ನೋಡಿದರೆ ಸಾಲದು: ದೀರ್ಘಕಾಲದ ಸೈನಸ್ ಉರಿಯೂತದ ಬಗ್ಗೆ

ಮೊದಲೆಲ್ಲ ರೋಗಿಗಳು ಮಡಚಿದ ಕರವಸ್ತ್ರ ಬಿಚ್ಚಿ ತೋರಿಸುತ್ತಿದ್ದರು. ಈಗ ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. "ಡಾಕ್ಟ್ರೇ, ಸೋಮವಾರ ಬೆಳ್ಳಗಿತ್ತು, ಬುಧವಾರ ಹಳದಿ, ಇವತ್ತು ಬೆಳಗ್ಗೆ ನೋಡಿದರೆ ಹಸಿರು. ಇನ್ಫೆಕ್ಷನ್ ಅಲ್ವಾ? ಆ್ಯಂಟಿಬಯೋಟಿಕ್ ಬರೀರಿ." ಕಾಯಿಲೆಯನ್ನು ಅವರೇ ಪತ್ತೆ ಮಾಡಿ, ಔಷಧವನ್ನೂ ಅವರೇ ನಿಶ್ಚಯಿಸಿಕೊಂಡು ಬಂದಿರುತ್ತಾರೆ, ನನ್ನ ಪಾಲಿಗೆ ಉಳಿದಿರುವುದು ಸಹಿ ಹಾಕುವ ಕೆಲಸ. ಇವತ್ತಿನ ಮಾತನ್ನು ಈ ಬಣ್ಣದ ಜಗಳದಿಂದಲೇ ಶುರು ಮಾಡುತ್ತೇನೆ. ತಿಂಗಳುಗಟ್ಟಲೆ ಸೈನಸ್ ಉರಿಯೂತ ಇರುವವರ ಸಿಂಬಳ ನಿಜಕ್ಕೂ ಬದಲಾಗುತ್ತದೆ. ಆದರೆ ಆ ಬದಲಾವಣೆಗಳಲ್ಲಿ ಅತಿ ಕಡಿಮೆ ಸುದ್ದಿ ಕೊಡುವುದು ಬಣ್ಣ. ಎಷ್ಟು ಗಟ್ಟಿ, ಒಂದೇ ಹೊಳ್ಳೆಯಲ್ಲೋ ಎರಡರಲ್ಲೂ ಇದೆಯೋ, ಎಷ್ಟು ಕಾಲದಿಂದ, ವಾಸನೆ ಗೊತ್ತಾಗುತ್ತದೋ ಇಲ್ಲವೋ? ಈ ನಾಲ್ಕಕ್ಕೆ ಉತ್ತರ ಸಿಕ್ಕಿಬಿಟ್ಟರೆ ಫೋಟೋ ನೋಡದೆಯೂ ನನ್ನ ಕೆಲಸ ನಡೆಯುತ್ತದೆ.

ಆರೋಗ್ಯವಂತರ ಮೂಗಿನಲ್ಲೂ ಸಿಂಬಳ ದಿನವಿಡೀ ತಯಾರಾಗುತ್ತಲೇ ಇರುತ್ತದೆ. ನೀವು ಇಲ್ಲಿ ಕೂತು ಕೇಳುತ್ತಿರುವಾಗಲೂ ಅದು ಹಿಂದಕ್ಕೆ ಸರಿದು, ಗಂಟಲಿಗಿಳಿದು, ಹೊಟ್ಟೆ ಸೇರುತ್ತಿದೆ. ಮುಖ ಸಿಂಡರಿಸಬೇಡಿ, ಅದು ಹೋಗಬೇಕಾದ ದಾರಿಯೇ ಅದು. ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದದ್ದರಲ್ಲಿ ಉಪ್ಪು, ಒಂದಿಷ್ಟು ಕೊಬ್ಬು, ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೋಜೈಮ್, ಅವಕ್ಕೆ ಕಬ್ಬಿಣ ಸಿಗದಂತೆ ನೋಡಿಕೊಳ್ಳುವ ಲ್ಯಾಕ್ಟೋಫೆರಿನ್, ಒಂದಷ್ಟು ಪ್ರತಿಕಾಯಗಳು ಇರುತ್ತವೆ. ಇವೆಲ್ಲಕ್ಕೂ ಮೈಕಟ್ಟು ಕೊಡುವುದು ಮ್ಯೂಸಿನ್ ಎಂಬ ಪ್ರೋಟೀನು. ಮೈತುಂಬ ಸಕ್ಕರೆಯ ಸರಪಣಿ ಅಂಟಿಸಿಕೊಂಡ ಉದ್ದುದ್ದನೆಯ ಅಣು ಅದು.

ಲೋಳೆಪೊರೆಯಲ್ಲಿ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳೊಳಗೆ ಈ ಮ್ಯೂಸಿನ್ ಕ್ಯಾಲ್ಸಿಯಂ ಜೊತೆ ಒತ್ತೊತ್ತಾಗಿ ಮಡಚಿಕೊಂಡು ಕೂತಿರುತ್ತದೆ. ಹೊರಬಿದ್ದ ಕೂಡಲೇ ನೀರು ಹೀರಿ ನೂರಾರು ಪಟ್ಟು ಉಬ್ಬುತ್ತದೆ. ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕುತ್ತೀರಲ್ಲ, ಹಾಗೆ. ಬೀಜಕ್ಕೆ ಧಾರಾಳವಾಗಿ ನೀರು ಹಾಕಿದರೆ ಒಂದೊಂದು ಬೀಜವೂ ಬಿಡಿಬಿಡಿಯಾಗಿ ತೇಲುತ್ತದೆ. ನೀರು ಸಾಲದೇ ಹೋದರೆ ಲೋಟದ ತಳದಲ್ಲಿ ಮುದ್ದೆ ಕಟ್ಟಿ ಕೂರುತ್ತದೆ, ಚಮಚ ಆಡಿಸಿದರೂ ಬಿಡಿಸಿಕೊಳ್ಳುವುದಿಲ್ಲ. ದೀರ್ಘಕಾಲದ ಸೈನಸ್ ಉರಿಯೂತದಲ್ಲಿ ಆಗುವುದರಲ್ಲಿ ದೊಡ್ಡ ಪಾಲು ಇದೇ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಮಡಚಿಕೊಂಡ ಮ್ಯೂಸಿನ್‌ನಿಂದ ಕ್ಯಾಲ್ಸಿಯಂ ಬಿಡಿಸಿ ಅದನ್ನು ಸರಿಯಾಗಿ ಬಿಚ್ಚಿಕೊಳ್ಳುವಂತೆ ಮಾಡಲು ಬೈಕಾರ್ಬೊನೇಟ್ ಬೇಕು. ಕೊನೆಯಲ್ಲಿ ಅಡುಗೆ ಸೋಡಾ ಬಗ್ಗೆ ಹೇಳುವಾಗ ಇದು ಕೆಲಸಕ್ಕೆ ಬರುತ್ತದೆ.

ಸಿಂಬಳ ತಾನಾಗಿ ಹರಿಯುವುದಿಲ್ಲ, ಅದನ್ನು ಯಾರೋ ತಳ್ಳಬೇಕು. ತಳ್ಳುವವು ಸಿಲಿಯಾ ಎಂಬ ಸೂಕ್ಷ್ಮ ರೋಮಗಳು. ಒಂದೊಂದು ಕೋಶದ ತಲೆಯ ಮೇಲೆ ಸುಮಾರು 200 ಇರುತ್ತವೆ, ಸೆಕೆಂಡಿಗೆ 10ರಿಂದ 15 ಸಲ ಬಡಿಯುತ್ತವೆ. ಅವುಗಳ ಬುಡದಲ್ಲಿ ತೆಳ್ಳನೆಯ ನೀರಿನ ಪದರ, ತುದಿಯ ಮೇಲೆ ಅಂಟಂಟು ಲೋಳೆಯ ಪದರ. ಕೆಳಗಿನ ನೀರು ಬತ್ತಿದರೆ ರೋಮಗಳು ಮೇಲಿನ ಅಂಟಿನಡಿ ಬಗ್ಗಿ ಮಲಗಿಬಿಡುತ್ತವೆ. ಎಲ್ಲವೂ ಸರಿಯಿದ್ದರೆ ಲೋಳೆ ನಿಮಿಷಕ್ಕೆ ಸುಮಾರು 5 ಮಿಲಿಮೀಟರ್ ಸರಿಯುತ್ತದೆ.

ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ರೋಗಿಯನ್ನು ನೇರವಾಗಿ ಕೂರಿಸಿ, ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಕೆಳ ಟರ್ಬಿನೇಟ್ ಎಂಬ ಉಬ್ಬಿನ ಮೇಲೆ, ಅದರ ಮುಂತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದೆ, ಸಕ್ಕರೆಯ ಬದಲು ಬಳಸುವ ಸಿಹಿ ವಸ್ತು ಸ್ಯಾಕರಿನ್‌ನ ಸಾಸಿವೆಗಿಂತ ಚಿಕ್ಕದೊಂದು ಚೂರು ಇಡುತ್ತೇವೆ. ಸೀನಬೇಡಿ, ಮೂಗು ಎಳೆಯಬೇಡಿ, ಆಗಾಗ ಎಂಜಲು ನುಂಗುತ್ತಿರಿ, ಬಾಯಿ ಸಿಹಿಯಾದ ಕೂಡಲೇ ಹೇಳಿ ಅನ್ನುತ್ತೇವೆ. ಆಮೇಲೆ ಗಡಿಯಾರ ನೋಡುತ್ತಾ ಕೂರುವುದು. ಸಾಮಾನ್ಯವಾಗಿ 20 ನಿಮಿಷದೊಳಗೆ "ಸಿಹಿ ಬಂತು" ಅನ್ನುತ್ತಾರೆ. ಸೈನಸ್ ತೊಂದರೆ ಹಳತಾಗಿರುವವರಲ್ಲಿ ಅರ್ಧ ಗಂಟೆ ದಾಟಿದರೂ ಸಿಹಿ ಬಾರದೆ, "ಡಾಕ್ಟ್ರೇ, ಹಾಕೋದು ಮರೆತುಬಿಟ್ರಾ?" ಎಂದು ಕೇಳುವುದುಂಟು. ಸ್ಯಾಕರಿನ್ ಇಟ್ಟಲ್ಲೇ ಇರುತ್ತದೆ, ಅದನ್ನು ಸಾಗಿಸಬೇಕಾದ ಲೋಳೆ ನಿಂತುಹೋಗಿರುತ್ತದೆ.

ಸೈನಸ್‌ಗಳೆಂದರೆ ಮುಖದ ಮೂಳೆಯೊಳಗಿನ ಗಾಳಿ ತುಂಬಿದ ಕೋಣೆಗಳು. ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ, ಮೂಗಿನ ಹಿಂಬದಿ ಆಳದಲ್ಲಿ. ಇವುಗಳ ಲೋಳೆಯೂ ಮೂಗಿಗೇ ಬಂದು ಬೀಳಬೇಕು. ಕೆನ್ನೆಯ ಸೈನಸ್ ಕಟ್ಟಿದ ಮೇಸ್ತ್ರಿಗೆ ಯಾರೂ ಎರಡನೇ ಮನೆ ಕೊಡುವುದಿಲ್ಲ: ನೀರು ಹೋಗುವ ತೂತು ಅದರ ತಳದಲ್ಲಿಲ್ಲ, ಸೂರಿನ ಹತ್ತಿರ ಇದೆ. ಹಾಗಾಗಿ ಅಲ್ಲಿನ ಸಿಲಿಯಾಗಳು ಲೋಳೆಯನ್ನು ಮೇಲ್ಮುಖವಾಗಿ ಹತ್ತಿಸಬೇಕು. ಹಳೆಯ ಕಾಲದ ಶಸ್ತ್ರವೈದ್ಯರು ಇದನ್ನು ಕಂಡು, ತಳದಲ್ಲೇ ಒಂದು ಕಿಂಡಿ ಕೊರೆದರೆ ಕೀವೆಲ್ಲ ತಾನೇ ಇಳಿದು ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಕೊರೆದರು. ಲೋಳೆ ಆ ಕಿಂಡಿಯ ಅಂಚನ್ನು ಬಳಸಿಕೊಂಡು ಮತ್ತೆ ಮೇಲಕ್ಕೇ ಹತ್ತಿತು! ಅದಕ್ಕೆ ಗೊತ್ತಿದ್ದದ್ದು ಹುಟ್ಟಿನಿಂದ ಬಂದ ಬಾಗಿಲು ಮಾತ್ರ. ಸಿಲಿಯಾಗಳ ಈ ಹರಿವಿನ ದಾರಿಯನ್ನು 1930ರ ದಶಕದಲ್ಲಿ ಅಮೆರಿಕದ ವೈದ್ಯ ಹಿಲ್ಡಿಂಗ್ ಗುರುತಿಸಿದ್ದರು. ಅದನ್ನು ಎಂಡೋಸ್ಕೋಪ್ ಎಂಬ, ಮೂಗಿನೊಳಗೆ ತೂರಿಸಿ ನೋಡುವ ಕೊಳವೆಯ ಮೂಲಕ ವರ್ಷಗಟ್ಟಲೆ ನೋಡಿ ಕಾಯಿಲೆಯ ಮೂಲಕ್ಕೆ ಜೋಡಿಸಿದವರು ಆಸ್ಟ್ರಿಯಾದ ಗ್ರಾಟ್ಸ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ನಾವು ಇವತ್ತು ಮಾಡುವ ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆ 1980ರ ದಶಕದಲ್ಲಿ ಪ್ರಪಂಚದೆಲ್ಲೆಡೆ ಹಬ್ಬಿದ್ದು ಈ ತಿಳಿವಳಿಕೆಯ ಬೆನ್ನ ಮೇಲೆ. ಸಿಂಬಳದ ದಾರಿಗೆ ಎದುರು ನಿಲ್ಲಬೇಡಿ, ಅದರ ಬಾಗಿಲನ್ನೇ ಅಗಲ ಮಾಡಿ ಎಂಬುದು ಇದರ ಒಟ್ಟು ತಾತ್ಪರ್ಯ.

ಈಗ "ದೀರ್ಘಕಾಲ" ಅಂದರೆ ಎಷ್ಟು? ನಮ್ಮ ಗಾದೆಯಲ್ಲಿ ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಅನ್ನುತ್ತಾರೆ. ಗಾದೆಯ ನೆಗಡಿ ವಾರ, ಹತ್ತು ದಿನಕ್ಕೆ ಹೋಗುವಂಥದ್ದು. ನಾನು ಹೇಳುತ್ತಿರುವುದು 12 ವಾರ ದಾಟಿದ್ದು. ಮೂಗು ಕಟ್ಟುವುದು, ಸಿಂಬಳ ಮುಂದಕ್ಕೆ ಸೋರುವುದು ಅಥವಾ ಗಂಟಲಿಗೆ ಇಳಿಯುವುದು, ಮುಖದಲ್ಲಿ ನೋವು ಅಥವಾ ಒತ್ತಡ, ವಾಸನೆ ಕಡಿಮೆಯಾಗುವುದು. ಇವುಗಳಲ್ಲಿ ಕನಿಷ್ಠ ಎರಡು ಇರಬೇಕು, ಆ ಎರಡರಲ್ಲಿ ಒಂದು ಮೂಗು ಕಟ್ಟುವುದೋ ಸಿಂಬಳವೋ ಆಗಿರಲೇಬೇಕು. ಜೊತೆಗೆ ಎಂಡೋಸ್ಕೋಪ್‌ನಲ್ಲೋ ಸಿ.ಟಿ. ಸ್ಕ್ಯಾನ್‌ನಲ್ಲೋ ಉರಿಯೂತ ಕಣ್ಣಿಗೆ ಕಾಣಬೇಕು. ಬರೀ ತಲೆನೋವು ಇಟ್ಟುಕೊಂಡು "ನನಗೆ ಸೈನಸ್" ಅನ್ನುವವರು ನಿಮ್ಮಲ್ಲೂ ಹಲವರು ಇದ್ದೀರಿ, ಕೈ ಎತ್ತಬೇಡಿ. 2004ರಲ್ಲಿ ಅಮೆರಿಕದಲ್ಲಿ ಸೈನಸ್ ತಲೆನೋವು ಎಂದು ತಾವೇ ತೀರ್ಮಾನಿಸಿಕೊಂಡಿದ್ದ, ಇಲ್ಲವೇ ವೈದ್ಯರಿಂದ ಹಾಗನ್ನಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದರು. 88 ಶೇಕಡಾ ಜನರಿಗೆ ಇದ್ದದ್ದು ಮೈಗ್ರೇನ್ ಬಗೆಯ ತಲೆನೋವು. ಮೂಗಿನಲ್ಲಿ ಏನೂ ಇಲ್ಲದೆ ತಲೆ ಮಾತ್ರ ಸಿಡಿಯುತ್ತಿದ್ದರೆ ನನ್ನ ಹತ್ತಿರ ಬರುವುದಕ್ಕಿಂತ ನರರೋಗ ತಜ್ಞರ ಹತ್ತಿರ ಹೋಗುವುದು ಲೇಸು.

ಉರಿಯೂತ ತಿಂಗಳುಗಟ್ಟಲೆ ಉಳಿದಾಗ ಲೋಳೆಪೊರೆಯ ಜನಸಂಖ್ಯೆಯೇ ಬದಲಾಗುತ್ತದೆ. ತಳ್ಳುವ ಕೋಶಗಳು ಕಡಿಮೆ, ಸುರಿಸುವ ಗಾಬ್ಲೆಟ್ ಕೋಶಗಳು ಹೆಚ್ಚು. ಮ್ಯೂಸಿನ್‌ನಲ್ಲೂ ಬಗೆಗಳಿವೆ, ಅಲರ್ಜಿ ಬಗೆಯ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್ 13 ಎಂಬ ಸಂದೇಶವಾಹಕ ಏರಿದಾಗ 5ಎಸಿ ಅನ್ನುವ ಬಗೆ ಹೆಚ್ಚು ಹುಟ್ಟುತ್ತದೆ. ಅದು ಅಂಟು ಜಾಸ್ತಿ ಇರುವ ಮ್ಯೂಸಿನ್. ಜೊತೆಗೆ ಸತ್ತ ಬಿಳಿ ರಕ್ತಕಣಗಳ ಡಿಎನ್‌ಎ ಸೇರುತ್ತದೆ. ಡಿಎನ್‌ಎ ಅಂದರೆ ಬರೀ ವಂಶವಾಹಿ ಮಾಹಿತಿ ಅಂದುಕೊಳ್ಳಬೇಡಿ. ಕೋಶದಿಂದ ಹೊರಬಿದ್ದರೆ ಅದು ಉದ್ದನೆಯ ಎಳೆ, ಲೋಳೆಯಲ್ಲಿ ಸಿಕ್ಕಿಕೊಂಡು ಅದನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಇದ್ದರೆ ಸಿಲಿಯಾಗಳ ಬಡಿತವೂ ಕುಂದುತ್ತದೆ.

ಇನ್ನು ಹಸಿರು ಎಲ್ಲಿಂದ ಬಂತು? ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೊಳಗೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇದೆ. ಅದರಲ್ಲಿ ಕಬ್ಬಿಣವಿದೆ, ಅದರ ಬಣ್ಣವೇ ಹಸಿರು. 1941ರಲ್ಲಿ ಸ್ವೀಡನ್ನಿನಲ್ಲಿ ಇದನ್ನು ಬೇರ್ಪಡಿಸಿದಾಗ ಹಸಿರು ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದರು. ಅಂದರೆ ನಿಮ್ಮ ಕರವಸ್ತ್ರದ ಹಸಿರು ಬ್ಯಾಕ್ಟೀರಿಯಾದ ಬಣ್ಣ ಅಂತ ತಿಳಿಯಬೇಡಿ, ಬಹುಪಾಲು ಅದು ನಿಮ್ಮದೇ ಸೈನಿಕರ ಬಣ್ಣ. ಸಾಮಾನ್ಯ ವೈರಸ್ ನೆಗಡಿಯಲ್ಲೂ ಮೂರು, ನಾಲ್ಕನೇ ದಿನಕ್ಕೆ ಸಿಂಬಳ ಹಸಿರಾಗುತ್ತದೆ, ಯಾವ ಆ್ಯಂಟಿಬಯೋಟಿಕ್ ಇಲ್ಲದೆ ಮತ್ತೆ ತಿಳಿಯಾಗುತ್ತದೆ. ರಾತ್ರಿಯೆಲ್ಲ ಒಂದೇ ಕಡೆ ನಿಂತ ಸಿಂಬಳ ಬೆಳಗ್ಗೆ ಹೆಚ್ಚು ಹಸಿರಾಗಿ ಕಾಣುವುದೂ ಇದಕ್ಕೇ: ನೀರು ಬತ್ತಿ ಕಣಗಳು ಒತ್ತಾಗಿರುತ್ತವೆ. ಬಣ್ಣ ನೋಡಿ ಮಾತ್ರೆ ಕೊಡುವ ಅಭ್ಯಾಸ ನಮ್ಮ ವೈದ್ಯರಲ್ಲೂ ಇದೆ, ಔಷಧಿ ಅಂಗಡಿಯವರಲ್ಲಿ ಇನ್ನೂ ಇದೆ. ಐದು ದಿನದ ಕೋರ್ಸು, ಮತ್ತೊಂದು ಐದು ದಿನದ ಕೋರ್ಸು, ಆಮೇಲೆ "ಹೈಯರ್ ಆ್ಯಂಟಿಬಯೋಟಿಕ್". ಉರಿಯೂತ ಇದ್ದಲ್ಲೇ ಇರುತ್ತದೆ, ಹೊಟ್ಟೆ ಮಾತ್ರ ಕೆಡುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸ್ವಲ್ಪ ಸಮಯ ಹಿಡಿದರೆ ಕ್ಷಮಿಸಬೇಕು. ಒಂದು ಬಗೆಯ ರೋಗಿಗಳಿದ್ದಾರೆ. ಎರಡೂ ಹೊಳ್ಳೆ ಕಟ್ಟಿರುತ್ತವೆ. ವಾಸನೆ ಪೂರ್ತಿ ಹೋಗಿರುತ್ತದೆ. ಸಾರಿನ ಒಗ್ಗರಣೆ ಸೀದರೂ ಪಕ್ಕದ ಮನೆಯವರು ಬಂದು ಹೇಳಬೇಕು. ಒಳಗೆ ನೋಡಿದರೆ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಪಾಲಿಪ್‌ಗಳು, ಅಂದರೆ ಊದಿ ಜೋತುಬಿದ್ದ ಲೋಳೆಪೊರೆ. ಇವರು ಎಷ್ಟು ಸೀಟಿದರೂ ಏನೂ ಹೊರಬರುವುದಿಲ್ಲ, ಬಂದರೆ ರಬ್ಬರಿನಂಥ ತುಂಡು. ಆಪರೇಷನ್ ಮಾಡುವಾಗ ಸೈನಸ್ ತೆರೆದು ಸಕ್ಷನ್ ಕೊಳವೆ ಇಡುತ್ತೇವೆ. ಕೀವಾದರೆ ಸರ್ರನೆ ಹೋಗುತ್ತದೆ. ಇದು ಕೊಳವೆಯ ಬಾಯಿಗೆ ಬಂದು ಕಚ್ಚಿ ನಿಲ್ಲುತ್ತದೆ. ಸಕ್ಷನ್ ಸದ್ದು ಬದಲಾಗುತ್ತದೆ, ಸಿಸ್ಟರ್ ಕೊಳವೆ ಬಿಚ್ಚಿ ತಂತಿ ತೂರಿಸಿ ತೆಗೆಯಬೇಕು, ಮತ್ತೆ ಹಾಕಬೇಕು, ಮತ್ತೆ ಕಚ್ಚುತ್ತದೆ. ಕೊನೆಗೆ ಉಪ್ಪುನೀರು ಜೋರಾಗಿ ಹಾಯಿಸಿ, ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಎಳೆದರೆ ಕಂದು ಹಸಿರು ಬಣ್ಣದ ಎಳೆ ಹಿಗ್ಗುತ್ತಾ ಬರುತ್ತದೆ, ತುಂಡಾಗುವುದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಕಡಲೆಕಾಯಿ ಬೆಣ್ಣೆಯ ಹೋಲಿಕೆ ಕೊಟ್ಟಿದ್ದಾರೆ. ಬರೆದವರು ಬೆಳಗಿನ ತಿಂಡಿಗೆ ಬ್ರೆಡ್ ತಿನ್ನುವವರಿರಬೇಕು.

ಈ ಸಿಂಬಳವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಇಯೋಸಿನೋಫಿಲ್ ಎಂಬ ಇನ್ನೊಂದು ಬಿಳಿ ರಕ್ತಕಣಗಳ ಹೆಣದ ರಾಶಿ ಕಾಣುತ್ತದೆ. ಅವುಗಳ ನಡುವೆ ಎರಡೂ ತುದಿ ಚೂಪಾದ ಸೂಜಿಯಂಥ ಹರಳುಗಳು. 1853ರಲ್ಲಿ ಫ್ರಾನ್ಸಿನ ಶಾರ್ಕೊ, 1872ರಲ್ಲಿ ಜರ್ಮನಿಯ ಲೈಡನ್ ಇವನ್ನು ವಿವರಿಸಿದರು. ಲೈಡನ್ ನೋಡಿದ್ದು ಆಸ್ತಮಾ ರೋಗಿಗಳ ಕಫದಲ್ಲಿ. ನಾವು ಓದುವಾಗ ಇವು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಕಸ, ಯುದ್ಧ ಮುಗಿದ ಮೇಲಿನ ಅವಶೇಷ ಎಂದಷ್ಟೇ ಹೇಳಿಕೊಟ್ಟಿದ್ದರು. 2019ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ತಂಡ ಬೇರೆಯದನ್ನೇ ತೋರಿಸಿತು. ಗ್ಯಾಲೆಕ್ಟಿನ್ 10 ಎಂಬ ಪ್ರೋಟೀನಿನಿಂದಾದ ಈ ಹರಳುಗಳೇ ಉರಿಯೂತವನ್ನು ಮತ್ತೆ ಕೆರಳಿಸುತ್ತವೆ. ಅದೇ ಪ್ರೋಟೀನು ಹರಳಾಗದೆ ಕರಗಿದ್ದರೆ ತಂಟೆ ಮಾಡುವುದಿಲ್ಲ. ಹರಳನ್ನು ಕರಗಿಸುವ ಪ್ರತಿಕಾಯ ತಯಾರಿಸಿ, ರೋಗಿಗಳ ಸಿಂಬಳದ ಮೇಲೇ ಹಾಕಿ, ಕೆಲವೇ ಗಂಟೆಗಳಲ್ಲಿ ಹರಳು ಕರಗಿದ್ದನ್ನೂ ತೋರಿಸಿದರು. ಅಂದರೆ ನಿಂತ ಸಿಂಬಳ ಕಾಯಿಲೆಯ ಫಲ ಮಾತ್ರವಾಗಿ ಉಳಿಯುವುದಿಲ್ಲ, ಅದೇ ಮುಂದಿನ ಸುತ್ತಿಗೆ ಇಂಧನವಾಗುತ್ತದೆ. ಆಪರೇಷನ್ ಟೇಬಲ್ ಮೇಲೆ ಆ ಅಂಟನ್ನು ಒಂದು ಚೂರೂ ಬಿಡದಂತೆ ತೆಗೆಯಲು ನಾವು ಯಾಕೆ ಒದ್ದಾಡುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಇದೇ ಸಿಂಬಳ ಒಂದು ದೊಡ್ಡ ಗದ್ದಲಕ್ಕೂ ಕಾರಣವಾಗಿತ್ತು. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ದೀರ್ಘಕಾಲದ ಸೈನಸ್ ಉರಿಯೂತದ 210 ಜನರ ಸಿಂಬಳವನ್ನು ಬಹಳ ಎಚ್ಚರಿಕೆಯಿಂದ ತೊಳೆದು ಸಂಗ್ರಹಿಸಿ ಫಂಗಸ್ ಬೆಳೆಸಿ ನೋಡಿದರು. 202 ಜನರಲ್ಲಿ, ಅಂದರೆ 96 ಶೇಕಡಾ ಜನರಲ್ಲಿ ಫಂಗಸ್ ಸಿಕ್ಕಿತು. ಸೈನಸ್‌ಗೆ ಕಾರಣ ಸಿಕ್ಕೇಬಿಟ್ಟಿತು ಎಂದು ಪತ್ರಿಕೆಗಳೆಲ್ಲ ಬರೆದವು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಾಲು ಇತ್ತು: ಹೋಲಿಕೆಗೆಂದು ತೆಗೆದುಕೊಂಡ 14 ಆರೋಗ್ಯವಂತರಲ್ಲಿ 14 ಜನರಿಗೂ ಫಂಗಸ್ ಇತ್ತು. ನಾವು ಉಸಿರಾಡುವ ಗಾಳಿಯಲ್ಲೇ ಅದರ ಬೀಜಕಣಗಳಿವೆ, ಸಿಂಬಳ ಅವನ್ನು ಹಿಡಿಯುತ್ತದೆ, ಹಿಡಿಯುವುದೇ ಅದರ ಕೆಲಸ. ಆದರೂ ಫಂಗಸ್ ಕೊಲ್ಲುವ ಆಂಫೊಟೆರಿಸಿನ್ ದ್ರಾವಣದಿಂದ ಮೂಗು ತೊಳೆಯುವ ಪ್ರಯೋಗಗಳು ನಡೆದವು. 2006ರಲ್ಲಿ ಯುರೋಪಿನ ಹಲವು ಕೇಂದ್ರಗಳು ಸೇರಿ ಮಾಡಿದ ಪರೀಕ್ಷೆಯಲ್ಲಿ ಅದು ಹುಸಿ ದ್ರಾವಣಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಆ ವಾದ ಅಲ್ಲಿಗೆ ತಣ್ಣಗಾಯಿತು. ಉಳಿದದ್ದು ಒಂದು ಒಳ್ಳೆಯ ಗಮನಿಕೆ: ಇಯೋಸಿನೋಫಿಲ್‌ಗಳು ಪೊರೆಯಿಂದ ಹೊರಗೆ ಬಂದು ಸಿಂಬಳದೊಳಗೆ ಗುಂಪುಗುಂಪಾಗಿ ಸಾಯುತ್ತವೆ. ಹಾಗಾಗಿ ಬರೀ ಪೊರೆಯ ತುಂಡನ್ನು ಬಯಾಪ್ಸಿಗೆ ಕಳಿಸಿ ಸಿಂಬಳವನ್ನು ಚೆಲ್ಲಿದರೆ ಅರ್ಧ ಸಾಕ್ಷಿ ಹೋದಂತೆ.

ಫಂಗಸ್ ನಿಜವಾಗಿ ಪಾತ್ರ ವಹಿಸುವ ಬಗೆಗಳೂ ಇವೆ. ಫಂಗಸ್‌ಗೆ ಅಲರ್ಜಿಯಾಗಿ ಬರುವ ಅಲರ್ಜಿಕ್ ಫಂಗಲ್ ಸೈನಸೈಟಿಸ್ ನಮ್ಮ ದೇಶದಲ್ಲಿ, ಅದರಲ್ಲೂ ಉತ್ತರ ಭಾರತದಲ್ಲಿ, ಅಪರೂಪವೇನಲ್ಲ. ಅಲ್ಲಿ ಹೆಚ್ಚು ಸಿಗುವುದು ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಫಂಗಸ್. ಈ ಸಿಂಬಳದಲ್ಲಿ ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹಗಳು ಸೇರಿಕೊಂಡು ಅದು ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದೇ ರೋಗಿಗೆ ಎಂ.ಆರ್.ಐ. ಮಾಡಿಸಿದರೆ ಅಷ್ಟು ಜಾಗವೂ ಕಪ್ಪಾಗಿ, ಖಾಲಿ ಗಾಳಿ ಇದ್ದಂತೆ ಕಾಣಬಹುದು. ಎಂ.ಆರ್.ಐ. ದುಬಾರಿ, ಹಾಗಾಗಿ ಅದೇ ಮೇಲು ಎಂದು ತಿಳಿದು ತಾವೇ ಮೊದಲು ಅದನ್ನು ಮಾಡಿಸಿಕೊಂಡು ಬರುವವರಿಗೆ ಈ ಮಾತು. 2021ರ ಕೊರೊನಾ ಎರಡನೇ ಅಲೆಯಲ್ಲಿ ನಾವೆಲ್ಲ ಕಂಡ ಬ್ಲ್ಯಾಕ್ ಫಂಗಸ್ ಇದಲ್ಲ. ಅದು ಸಕ್ಕರೆ ಕಾಯಿಲೆ ಹದ್ದು ಮೀರಿದವರಲ್ಲಿ, ಸ್ಟೆರಾಯ್ಡ್ ಹೆಚ್ಚು ಪಡೆದವರಲ್ಲಿ ರಕ್ತನಾಳಗಳಿಗೇ ನುಗ್ಗಿ ಅಂಗಾಂಶವನ್ನು ಸಾಯಿಸುವಂಥದ್ದು. ಮೂಗಿನಲ್ಲಿ ಕಪ್ಪು ಹಕ್ಕಳೆ, ಕೆನ್ನೆ ಜೋಮು, ಕಣ್ಣು ಊದಿಕೊಳ್ಳುವುದು ಕಂಡರೆ ಅದು ದಿನಗಳ ಲೆಕ್ಕವೂ ಅಲ್ಲ, ಗಂಟೆಗಳ ಲೆಕ್ಕ.

ಒಂದೇ ಹೊಳ್ಳೆಯೋ ಎಂದು ಕೇಳುತ್ತೇನೆ ಅಂದೆನಲ್ಲ, ಅದಕ್ಕೆ ಬರೋಣ. ದೀರ್ಘಕಾಲದ ಸೈನಸ್ ಉರಿಯೂತ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಒಂದೇ ಕಡೆ, ಅದೂ ಹೆಂಡತಿ ಮಕ್ಕಳು ದೂರ ಸರಿದು ಕೂರುವಷ್ಟು ನಾತದ ಸಿಂಬಳ ಎಂದರೆ ನಾನು ಮೂಗು ನೋಡುವ ಮೊದಲು ಬಾಯಿ ತೆರೆಸುತ್ತೇನೆ. ಮೇಲ್ದವಡೆಯ ಹಿಂಬದಿ ಹಲ್ಲುಗಳ ಬೇರು ಕೆನ್ನೆಯ ಸೈನಸ್‌ನ ನೆಲಕ್ಕೆ ತಾಗಿಕೊಂಡೇ ಇರುತ್ತವೆ. ಒಬ್ಬ ಪ್ರೌಢಶಾಲಾ ಮೇಷ್ಟ್ರು ಬಂದಿದ್ದರು, ಎಡಗಡೆ ಮಾತ್ರ ಹಳದಿ ಸಿಂಬಳ, ಬಗ್ಗಿದರೆ ದುರ್ವಾಸನೆ. ಮಾತ್ರೆ ತಿಂದಷ್ಟು ದಿನ ಕಡಿಮೆ, ನಿಲ್ಲಿಸಿದರೆ ಮತ್ತೆ. ಹಲ್ಲು ನೋವಿದೆಯಾ ಅಂದರೆ "ಇಲ್ಲ ಸಾರ್, ಆ ಹಲ್ಲಿಗೆ ರೂಟ್ ಕೆನಾಲ್ ಆಗಿಹೋಗಿದೆ, ಅದು ಸತ್ತ ಹಲ್ಲು" ಎಂದರು. ಸ್ಕ್ಯಾನ್‌ನಲ್ಲಿ ನೋಡಿದರೆ ಅದೇ ಹಲ್ಲಿನ ಬೇರಿನ ತುದಿಯಲ್ಲಿ ಮೂಳೆ ಕರಗಿ ಸೈನಸ್‌ಗೆ ದಾರಿಯಾಗಿತ್ತು. ನೋವು ಹೇಳುವ ನರವನ್ನು ತೆಗೆದ ಹಲ್ಲು ನೋಯುವುದಾದರೂ ಹೇಗೆ? ದಂತವೈದ್ಯರು ಹಲ್ಲಿನ ಕೆಲಸ ಮುಗಿಸಿದ ಮೇಲೆಯೇ ಮೂಗು ಸರಿಹೋದದ್ದು.

ಒಂದೇ ಕಡೆ ರಕ್ತ ಬೆರೆತ ಸಿಂಬಳ ಪದೇ ಪದೇ ಬಂದರೆ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಒಂದೇ ಕಡೆ ನೀರಿನಷ್ಟು ತಿಳಿಯಾದದ್ದು, ಮುಂದಕ್ಕೆ ಬಗ್ಗಿದರೆ ನಲ್ಲಿ ಬಿಟ್ಟಂತೆ ತೊಟ್ಟಿಕ್ಕುವುದು, ಬಾಯಿಗೆ ಉಪ್ಪುಪ್ಪಾಗಿ ಹತ್ತುವುದು ಇದ್ದರೆ ಅದು ಸಿಂಬಳವೇ ಆಗಿರದಿರಬಹುದು. ಮಿದುಳಿನ ಸುತ್ತ ಇರುವ ದ್ರವ ಸೋರುತ್ತಿರಬಹುದು. ಅದನ್ನು ಹಿಡಿದು, ಮಿದುಳಿನ ದ್ರವದ ಗುರುತಾದ ಬೀಟಾ 2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ನೋಡಿ, ಬಣ್ಣದಲ್ಲಿ ಎಲ್ಲಕ್ಕಿಂತ ಸಾಧುವಾದ ಸಿಂಬಳವೇ ಇಲ್ಲಿ ಎಲ್ಲಕ್ಕಿಂತ ಗಂಭೀರ.

ಪುಟ್ಟ ಮಕ್ಕಳ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಗೊಣ್ಣೆ ಸುರಿಸದ ಮಗು ಇಲ್ಲ. ಆದರೆ ಹುಟ್ಟಿದ ವಾರದಿಂದಲೇ ಮೂಗು ಸೋರುತ್ತಿದ್ದು, ವರ್ಷವಿಡೀ ಒದ್ದೆ ಕೆಮ್ಮು, ಕಿವಿ ಸೋರಿಕೆ ಜೊತೆಗಿದ್ದರೆ ಸಿಲಿಯಾಗಳೇ ಹುಟ್ಟಿನಿಂದ ಕೆಲಸ ಮಾಡದಿರುವ ಸಾಧ್ಯತೆ ಇದೆ. 1933ರಲ್ಲಿ ಜ್ಯೂರಿಕ್‌ನ ಕಾರ್ಟಗೇನರ್, ಸೈನಸ್ ತೊಂದರೆ, ಶ್ವಾಸನಾಳಗಳ ಹಿಗ್ಗುವಿಕೆ, ಹೃದಯ ಬಲಕ್ಕೆ ಇರುವುದು ಈ ಮೂರೂ ಒಟ್ಟಿಗೆ ಬರುವುದನ್ನು ಗುರುತಿಸಿದರು. ಯಾಕೆಂದು ಯಾರಿಗೂ ಹೊಳೆದಿರಲಿಲ್ಲ. 1976ರಲ್ಲಿ ಸ್ವೀಡನ್ನಿನ ಆಫ್ಜೀಲಿಯಸ್, ವೀರ್ಯಾಣುಗಳ ಬಾಲ ಅಲ್ಲಾಡದ ಗಂಡಸರನ್ನು ಪರೀಕ್ಷಿಸುತ್ತಿದ್ದವರು, ಅದರ ಕೊಂಡಿ ಹಿಡಿದರು. ಬಾಲದಲ್ಲೂ ಸಿಲಿಯಾದಲ್ಲೂ ಇರಬೇಕಾದ ಡೈನೀನ್ ಎಂಬ ಮೋಟಾರು ಇವರಲ್ಲಿ ಇರಲಿಲ್ಲ. ಭ್ರೂಣದಲ್ಲಿ ಹೃದಯ ಎಡಕ್ಕೆ ಹೋಗಬೇಕೆಂದು ದಿಕ್ಕು ತೋರಿಸುವುದೂ ಸಿಲಿಯಾಗಳೇ, ಅವು ಬಡಿಯದಿದ್ದರೆ ಎಡವೋ ಬಲವೋ ಎಂಬುದು ನಾಣ್ಯ ಚಿಮ್ಮಿದಂತೆ. ಸಿಂಬಳದಿಂದ ಹೊರಟು ಹೃದಯ ಮುಟ್ಟಿಬಿಟ್ಟೆ, ವಾಪಸ್ ಬರುತ್ತೇನೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ತೊಳೆಯುವುದು. ಜಲನೇತಿ ಮಾಡುವವರಿಗೆ ಹೊಸತೇನಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಟೀ ಚಮಚದಲ್ಲಿ ಮಟ್ಟಸವಾಗಿ ಒಂದೂವರೆ. ಒಂದು ಚಿಟಿಕೆ ಅಡುಗೆ ಸೋಡಾ. ಅದರ ಬೈಕಾರ್ಬೊನೇಟ್ ಮ್ಯೂಸಿನ್ ಬಿಚ್ಚಿಕೊಳ್ಳಲು ನೆರವಾಗುತ್ತದೆಂದು ಹೇಳಿದೆನಲ್ಲ, ಉರಿಯೂ ಕಡಿಮೆ. ನೀರು ಉಗುರುಬೆಚ್ಚಗಿರಲಿ. ಬೇಸಿನ್ ಮೇಲೆ ಬಗ್ಗಿ, ಬಾಯಿ ತೆರೆದುಕೊಂಡು, ಒಂದು ಹೊಳ್ಳೆಗೆ ಹಾಕಿದ್ದು ಇನ್ನೊಂದರಿಂದ ಬರುವಂತೆ, 200 ಮಿಲಿಲೀಟರಿನಷ್ಟಾದರೂ ಹಾಯಿಸಬೇಕು. ಎರಡು ಹನಿ ಸಲೈನ್ ಬಿಟ್ಟುಕೊಂಡು ತೊಳೆದೆ ಅನ್ನಬೇಡಿ. ನಲ್ಲಿ ನೀರು, ಬೋರ್‌ವೆಲ್ ನೀರು, ಕೆರೆ ನೀರು ನೇರವಾಗಿ ಖಂಡಿತ ಬೇಡ. ಅಮೆರಿಕದ ಲೂಯಿಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ನಿಗ್ಲೇರಿಯಾ ಎಂಬ ಅಮೀಬಾ ಮೂಗಿನಿಂದ ಮಿದುಳಿಗೆ ಹತ್ತಿ ತೀರಿಕೊಂಡರು. ಪಕ್ಕದ ಕೇರಳದ ಅಮೀಬಾ ಸುದ್ದಿ ನೀವೇ ಓದಿದ್ದೀರಿ. ನೀರು ಚೆನ್ನಾಗಿ ಕುದ್ದಿರಬೇಕು, ಅಷ್ಟೇ.

ತೊಳೆದ ಮೇಲೆ ಸ್ಟೆರಾಯ್ಡ್ ಸ್ಪ್ರೇ. ಸಿಂಬಳದ ಮೇಲೆ ಹೊಡೆದ ಔಷಧ ಸಿಂಬಳಕ್ಕೇ ಚಿಕಿತ್ಸೆ, ಪೊರೆಗಲ್ಲ. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ ಹಿಡಿದು ಕಣ್ಣಿನ ಹೊರಮೂಲೆಯ ಕಡೆ ತಿರುಗಿಸಿ ಹೊಡೆಯಬೇಕು, ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ವಾರಗಟ್ಟಲೆ ಬಿಡದೆ ಹಾಕಬೇಕು. ಸ್ಟೆರಾಯ್ಡ್ ಅಂದ ಕೂಡಲೇ ಹೆದರಿ ಇದನ್ನು ಬಿಟ್ಟು, ಹಾಕಿದ ನಿಮಿಷಕ್ಕೆ ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಹನಿಗಳನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಪಾಯ ಇರುವುದು ಅದರಲ್ಲಿ. ನಾಲ್ಕೈದು ದಿನ ಮೀರಿದರೆ ಆ ಹನಿಗಳೇ ಮೂಗು ಕಟ್ಟಿಸುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಆಪರೇಷನ್. ಆಪರೇಷನ್ ಆದ ಮೇಲೂ ತೊಳೆಯುವುದು, ಸ್ಪ್ರೇ ಮುಂದುವರಿಯಬೇಕು; ಬಾಗಿಲು ಅಗಲವಾಗಿರುವುದರಿಂದ ಔಷಧ ಈಗ ಒಳಗೆ ತಲುಪುತ್ತದೆ. ಪಾಲಿಪ್ ಮರಳಿ ಮರಳಿ ಬರುವವರಿಗೆ ಡುಪಿಲುಮ್ಯಾಬ್‌ನಂಥ ಚುಚ್ಚುಮದ್ದುಗಳಿವೆ. ಇಂಟರ್‌ಲ್ಯೂಕಿನ್ 13ರ ಸಂದೇಶವನ್ನು ತಡೆಯುವುದು ಇದೇ. ಪಾಲಿಪ್‌ಗೆಂದು ಇದಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೋದ ವಾಸನೆ ಮರಳಿ ಬರುವುದನ್ನು ನೋಡಿದರೆ ಬೆರಗಾಗುತ್ತದೆ, ಬೆಲೆ ಕೇಳಿದರೂ ಅಷ್ಟೇ.

ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಕೇಳುತ್ತಿದ್ದಾರೆ, ಹಾಲು, ಮೊಸರು, ಬಾಳೆಹಣ್ಣು ಬಿಡಬೇಕಾ ಎಂದು. ಅಜ್ಜಿ, ಹಾಲಿನ ಮೇಲೆ ಒಳ್ಳೆಯ ಪರೀಕ್ಷೆಯೇ ಆಗಿದೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಸ್ವಯಂಸೇವಕರಿಗೆ ಬೇಕೆಂದೇ ನೆಗಡಿ ವೈರಸ್ ಕೊಟ್ಟು, ಅವರು ಸೀಟಿ ಬಿಸಾಡಿದ ಟಿಶ್ಯೂಗಳನ್ನೆಲ್ಲ ತೂಕ ಹಾಕಿದರು. ಕುಡಿದ ಹಾಲಿಗೂ ಸಿಂಬಳದ ತೂಕಕ್ಕೂ ಸಂಬಂಧ ಸಿಗಲಿಲ್ಲ. ಹಾಲಿನಿಂದ ಕಫ ಆಗುತ್ತದೆ ಎಂದು ನಂಬಿದ್ದವರು ಕೆಮ್ಮು, ಕಟ್ಟಿದ ಮೂಗು ಹೆಚ್ಚಾಯಿತೆಂದು ಹೇಳಿಕೊಂಡರು, ತಕ್ಕಡಿ ಮಾತ್ರ ಒಪ್ಪಲಿಲ್ಲ. ಹಾಲು ಎಂಜಲಿನೊಂದಿಗೆ ಬೆರೆತು ಗಂಟಲಲ್ಲಿ ದಪ್ಪನೆಯ ಲೇಪ ಕಟ್ಟಿದಂತೆ ಅನಿಸುತ್ತದೆ, ಅದಕ್ಕೇ ಆ ನಂಬಿಕೆ. ನಿಮಗೆ ಒಗ್ಗುತ್ತಿದ್ದರೆ ಮೊಸರನ್ನ ಉಣ್ಣಿ.

ಇನ್ನೊಬ್ಬರ ಪ್ರಶ್ನೆ, ಸಿಂಬಳವನ್ನು ಲ್ಯಾಬ್‌ಗೆ ಕೊಟ್ಟರೆ ಎಲ್ಲ ತಿಳಿಯುವುದಿಲ್ಲವೇ ಅಂತ. ಟಿಶ್ಯೂ ಮೇಲೆ ಸೀಟಿದ್ದನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಮೂಗಿನ ಬಾಗಿಲಲ್ಲಿ ಎಲ್ಲರಿಗೂ ಇರಬಹುದಾದ ಬ್ಯಾಕ್ಟೀರಿಯಾ ಬೆಳೆದು, ಅದಕ್ಕೊಂದು ಉದ್ದನೆಯ ಆ್ಯಂಟಿಬಯೋಟಿಕ್ ಪಟ್ಟಿ ಬರುತ್ತದೆ. ಎಂಡೋಸ್ಕೋಪ್ ನೋಡಿಕೊಂಡು ಸೈನಸ್ ಬಾಗಿಲಿನಿಂದಲೇ ತೆಗೆದದ್ದಾದರೆ ಬೆಲೆಯುಂಟು. ಅದಕ್ಕಿಂತ ಸುಲಭವಾದದ್ದು ನಿಮ್ಮ ಮನೆಯಲ್ಲೇ ಇರಬಹುದು: ಯಾವುದೋ ಜ್ವರಕ್ಕೆಂದು ಮಾಡಿಸಿದ ಹಳೆಯ ರಕ್ತ ಪರೀಕ್ಷೆಯ ಚೀಟಿ. ಅದರಲ್ಲಿ ಇಯೋಸಿನೋಫಿಲ್ ಎಣಿಕೆ ಪದೇ ಪದೇ ಹೆಚ್ಚಿದ್ದು, ಜೊತೆಗೆ ವಾಸನೆ ಹೋಗಿದ್ದರೆ, ನಿಮ್ಮದು ಅಂಟು ಸಿಂಬಳದ ಬಗೆ ಎಂದು ಅನುಮಾನಿಸಲು ಕಾರಣವಿದೆ. ಜಂತುಹುಳು ಇದ್ದರೂ ಆ ಎಣಿಕೆ ಏರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದಾಗ ಉಬ್ಬಸ ಬರುತ್ತದೆಯೇ ಎಂಬುದನ್ನೂ ಮರೆಯದೆ ಹೇಳಿ. ಪಾಲಿಪ್, ಆಸ್ತಮಾ ಮತ್ತು ಆ ಮಾತ್ರೆಯ ಅಸಹನೆ ಒಂದೇ ಗುಂಪಿನವು. ಬರುವಾಗ ಹಳೆಯ ಸ್ಕ್ಯಾನ್ ಫಿಲ್ಮ್‌ಗಳನ್ನು ತನ್ನಿ, ರಿಪೋರ್ಟ್ ಹಾಳೆ ಒಂದೇ ಸಾಲದು. ಮೊಬೈಲ್ ಫೋಟೋ ಬೇಕಿಲ್ಲ.